ಎಡಗೆರೆಯ ಎಂಟು ವರ್ಷ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭೂಪಟದಿಂದ ಮರೆಯಾಯಿತು. ಬೀದರ್, ಕಲಬುರ್ಗಿ, ರಾಯಚೂರು ಮೈಸೂರಿಗೆ ಬಂದವು, ಮರಾಠವಾಡ ಮುಂಬಯಿಯ ಪಾಲಾಯಿತು, ತೆಲಂಗಾಣ ಆಂಧ್ರದೊಡನೆ ಕೂಡಿಕೊಂಡಿತು. ನಮಗೆ ಅದು ಏಕೀಕರಣದ ದಿನ. ಅದಾದ ಮೂರು ವಾರಕ್ಕೆ ಮೆಲ್ಬರ್ನ್ ಒಲಿಂಪಿಕ್ಸ್ ಶುರುವಾದಾಗ ಭಾರತದ ಫುಟ್‌ಬಾಲ್ ತಂಡದಲ್ಲಿ ಏಳೆಂಟು ಮಂದಿ ಹೈದರಾಬಾದಿನವರೇ ಇದ್ದರು. ತಂಡವನ್ನು ತಯಾರು ಮಾಡಿದ ಗುರುವೂ ಅದೇ ಊರಿನವರು. ಸಂತೋಷ್ ಟ್ರೋಫಿಯಲ್ಲಂತೂ ಮುಂದಿನ ಎರಡು ವರ್ಷವೂ ಇಲ್ಲದ ರಾಜ್ಯದ ಹೆಸರಿನಲ್ಲೇ ಆಡಿ, ಎರಡು ಸಲವೂ ಮುಂಬಯಿಯನ್ನು ಸೋಲಿಸಿ ಕಪ್ ಹೊತ್ತುಕೊಂಡು ಹೋದರು. ಅಧಿಕಾರಿಗಳು ಗಡಿ ಗೆರೆಗಳನ್ನು ಹೊಸದಾಗಿ ಎಳೆಯುತ್ತಿದ್ದಾಗ ಸುಣ್ಣದ ಗೆರೆಯ ಮೈದಾನದೊಳಗೆ ಹಳೆಯ ಹೈದರಾಬಾದ್ ಇನ್ನೂ ಉಸಿರಾಡುತ್ತಿತ್ತು.

ಮೆಲ್ಬರ್ನಿಗೆ ಹೋದ ಆ ತಂಡದಲ್ಲಿ ಇಪ್ಪತ್ತರ ಹುಡುಗನೊಬ್ಬನಿದ್ದ. ಹೆಸರು ತುಳಸೀದಾಸ್ ಬಲರಾಂ. ಎರಡು ವರ್ಷದ ಹಿಂದೆ ಅವನ ಹೆಸರು ಸಿಕಂದರಾಬಾದ್ ದಂಡಿನ ಪ್ರದೇಶದಾಚೆ ಯಾರಿಗೂ ಗೊತ್ತಿರಲಿಲ್ಲ. ಇನ್ನು ಏಳು ವರ್ಷಕ್ಕೆ ಅವನ ಆಟ ಮುಗಿಯುವುದೂ ಯಾರಿಗೂ ಗೊತ್ತಿರಲಿಲ್ಲ.

ಬಲರಾಂ ಹುಟ್ಟಿದ್ದು ಸಿಕಂದರಾಬಾದ್ ಕಂಟೋನ್ಮೆಂಟಿನ ಅಂಚಿನ ಅಮ್ಮುಗೂಡದಲ್ಲಿ, ತಮಿಳು ಮಾತಾಡುವ ಬಡ ಕುಟುಂಬದಲ್ಲಿ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರ ಬಲ್ಲವರಿಗೆ ಆ ವಾತಾವರಣವನ್ನು ಬಿಡಿಸಿ ಹೇಳಬೇಕಿಲ್ಲ. ಗೋರಾ ಪಲ್ಟನ್ನು ಎಲ್ಲಿ ಬೀಡುಬಿಟ್ಟಿತೋ ಅಲ್ಲಿ ಸಂಜೆ ಚೆಂಡು ಉರುಳಿತು. ಸಿಪಾಯಿಗಳ ಆಟವನ್ನು ಬೇಲಿಯಾಚೆ ನಿಂತು ನೋಡಿದ ಮಕ್ಕಳು ಅದನ್ನು ತಮ್ಮ ಬಯಲಿಗೆ ತಂದರು. ತಿರುಮಲಗಿರಿ, ಬೊಲ್ಲಾರಂ, ಲಾಲ್ ಬಜಾರ್ ಸುತ್ತಲಿನ ಬಯಲುಗಳು ಹಾಗೆಯೇ ಫುಟ್‌ಬಾಲ್ ಶಾಲೆಗಳಾದವು. ತಾಯಿ ಮುತ್ತಮ್ಮನಿಗೆ ಮಗ ಓದಿ ಸರ್ಕಾರಿ ಗುಮಾಸ್ತನಾದರೆ ಸಾಕಿತ್ತು. ಮಗ ಕದ್ದು ಆಡುತ್ತಿದ್ದ. ಬೂಟು ಕೊಳ್ಳಲು ಕಾಸಿಲ್ಲದೆ, ಪೊಲೀಸರು ಬಿಸಾಡಿದ ಹಳೆ ಬೂಟುಗಳ ತೊಗಲಿನಿಂದ ಚಮ್ಮಾರರೊಬ್ಬರ ಕೈಯಲ್ಲಿ ಮೊದಲ ಫುಟ್‌ಬಾಲ್ ಬೂಟು ಹೊಲಿಸಿಕೊಂಡದ್ದನ್ನು ಬಲರಾಂ ಇಳಿವಯಸ್ಸಿನಲ್ಲೂ ಹೇಳಿಕೊಳ್ಳುತ್ತಿದ್ದರು.

ಪೊಲೀಸ್ ಬೂಟು ಎಂಬುದು ಆ ಊರಿನ ಮಟ್ಟಿಗೆ ಬರಿಯ ಆಕಸ್ಮಿಕವಲ್ಲ. ಹೈದರಾಬಾದಿನಲ್ಲಿ ಫುಟ್‌ಬಾಲ್ ಎಂದರೆ ಸಿಟಿ ಪೊಲೀಸ್. ಆ ತಂಡದ ಮೊದಲ ದೊಡ್ಡ ಗೆಲುವು ದಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ: 1943ರ ಆಶ್ ಗೋಲ್ಡ್ ಕಪ್‌ನಲ್ಲಿ ಅವರು ಸೋಲಿಸಿದ ರಾಯಲ್ ಏರ್‌ಫೋರ್ಸ್ ತಂಡದಲ್ಲಿ, ಕ್ರಿಕೆಟ್ಟಿನಲ್ಲಿ ಜಗತ್ಪ್ರಸಿದ್ಧನಾದ ಡೆನಿಸ್ ಕಾಂಪ್ಟನ್ ಆಡಿದ್ದ. ಅಲ್ಲಿಂದ ಏಳು ವರ್ಷಕ್ಕೆ, 1950ರಿಂದ 1954ರವರೆಗೆ, ಮುಂಬಯಿಯ ರೋವರ್ಸ್ ಕಪ್ಪನ್ನು ಅವರು ಸತತ ಐದು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. 1950ರಲ್ಲೇ ದಿಲ್ಲಿಯ ಡ್ಯುರಾಂಡ್ ಕಪ್ ಫೈನಲಿನಲ್ಲಿ ಮೋಹನ್ ಬಗಾನನ್ನು ಮಣಿಸಿದರು. ಕಲ್ಕತ್ತೆಯೇ ಫುಟ್‌ಬಾಲಿನ ಕಾಶಿ ಎಂದು ನಂಬಿದ್ದ ಕಾಲದಲ್ಲಿ ದಖ್ಖನಿನ ಪೇದೆಗಳು ಹೀಗೆ ಮೆರೆದದ್ದು ಸಣ್ಣ ಮಾತಲ್ಲ.

ಈ ಪೇದೆಗಳ ಹಿಂದೆ ಒಬ್ಬ ಮೇಷ್ಟ್ರಿದ್ದರು. ಸಯ್ಯದ್ ಅಬ್ದುಲ್ ರಹೀಂ, 1909ರಲ್ಲಿ ಹುಟ್ಟಿದವರು, ಉಸ್ಮಾನಿಯಾದ ಪದವೀಧರ. ಕಾಚಿಗುಡ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಪಾಠ ಹೇಳುತ್ತ, 1943ರಿಂದ ಸಾಯುವವರೆಗೂ ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದರು. ಎಲ್ಲರ ಬಾಯಲ್ಲೂ ಅವರು ರಹೀಂ ಸಾಬ್. ಅವರು ಮಕ್ಕಳಿಗೆ ನಡೆಸುತ್ತಿದ್ದ ಪಂದ್ಯಾವಳಿಗಳೇ ವಿಚಿತ್ರ. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವಂತಿಲ್ಲ, ಚೆಂಡು ಬಂತೆಂದರೆ ಪಾಸು ಕೊಡಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಲ್ಲೇ ಒದೆಯಬೇಕು. ಮತ್ತೊಂದರಲ್ಲಿ ಎತ್ತರ ನೋಡಿ ತಂಡ ಕಟ್ಟಬೇಕು. ಗುಣಾಕಾರ ಕೋಷ್ಟಕ ಬಾಯಿಪಾಠ ಮಾಡಿಸುವ ಶ್ರದ್ಧೆಯಲ್ಲಿ ಅವರು ಎಡಗಾಲನ್ನು ಕಲಿಸಿದರು. 1952ರ ಹೆಲ್ಸಿಂಕಿಯಲ್ಲಿ ನಮ್ಮವರು ಬಹುಮಟ್ಟಿಗೆ ಬರಿಗಾಲಿನಲ್ಲಿ ಆಡಿ ಯುಗೊಸ್ಲಾವಿಯಕ್ಕೆ 10–1ರಿಂದ ಸೋತು ಬಂದಿದ್ದರು. ಆ ಮೇಲೆ ಬೂಟು ಕಡ್ಡಾಯವಾಯಿತು. ಬೂಟು ಹಾಕಿಕೊಂಡವರೆಲ್ಲ ಆಟಗಾರರಾಗುವುದಿಲ್ಲ ಎಂಬುದು ರಹೀಂ ಸಾಬರಿಗೆ ಆ ಮೊದಲೇ ತಿಳಿದಿತ್ತು.

ಅವರು ಬ್ರೆಜಿಲ್‌ಗಿಂತ ಮುಂಚೆ 4-2-4 ಆಡಿಸಿದರೆಂದು ಅಭಿಮಾನಿಗಳು ಬರೆಯುತ್ತಾರೆ. 1953ರ ಹಂಗೆರಿ ತಂಡವೇ ಅದಕ್ಕೆ ಮೂಲವೆಂದು, ರಹೀಂ ಅದನ್ನು ಬೇಗ ಗುರುತಿಸಿದವರಷ್ಟೆ ಎಂದು ಇನ್ನು ಕೆಲವರ ವಾದ. ನನಗೆ ಎರಡನೆಯದು ಹೆಚ್ಚು ಸರಿ ಎನಿಸುತ್ತದೆ. ಅದರಿಂದ ಅವರ ತೂಕವೇನೂ ಕಡಿಮೆಯಾಗುವುದಿಲ್ಲ. ದೂರದ ಹೈದರಾಬಾದಿನಲ್ಲಿ ಕುಳಿತು ಯೂರೋಪಿನ ಗಾಳಿಯನ್ನು ಹಿಡಿದ ಮನುಷ್ಯ ಅವರು. ನಡುವಿನ ಫಾರ್ವರ್ಡ್ ಹಿಂದೆ ಸರಿದು ಆಡುವ ಆ ಪದ್ಧತಿಯಲ್ಲಿ ಅಂಚಿನಲ್ಲಿ ಓಡುವವರ ಬೆಲೆ ಏರುತ್ತದೆ. ಟಚ್‌ಲೈನಿಗೆ ಅಂಟಿಕೊಂಡು ಚೆಂಡಿಗಾಗಿ ಕಾಯುವವನು ಸಾಲದು. ಒಳಗೆ ನುಗ್ಗಬೇಕು, ಹಿಂದೆ ಬಂದು ಚೆಂಡು ಕಸಿಯಬೇಕು, ಎರಡೂ ಕಾಲಿನಲ್ಲಿ ಒದೆಯಬೇಕು. ಅಂಥವನನ್ನು ಹುಡುಕುತ್ತಿದ್ದಾಗ ಸಿಕಂದರಾಬಾದಿನ ಹುಡುಗ ಕಣ್ಣಿಗೆ ಬಿದ್ದ. ಆಯ್ಕೆಗೆ ಕರೆದರೆ, ಅಮ್ಮುಗೂಡದಿಂದ ಹೈದರಾಬಾದಿಗೆ ದಿನಾ ಬಂದುಹೋಗಲು ದುಡ್ಡಿಲ್ಲವೆಂದ. ರಹೀಂ ಸಾಬ್ ಸೈಕಲ್ಲಿನ ವ್ಯವಸ್ಥೆ ಮಾಡಿದರು. ಒಂದು ಒಲಿಂಪಿಕ್ ಜೀವನ ಸೈಕಲ್ಲಿನ ಮೇಲೆ ನಿಂತಿತ್ತು.

ಮುಂದಿನದೆಲ್ಲ ಓಟ. ರೈಡರ್ಸ್ ಕ್ಲಬ್, ಆಮೇಲೆ ಹೈದರಾಬಾದ್ ತಂಡ. 1956–57ರ ಸಂತೋಷ್ ಟ್ರೋಫಿ ತಿರುವನಂತಪುರದಲ್ಲಿ. ಫೈನಲ್ ಮರುಪಂದ್ಯಕ್ಕೆ ಹೋಗಿ ಹೈದರಾಬಾದ್ ಮುಂಬಯಿಯನ್ನು 4–1ರಿಂದ ಗೆದ್ದಿತು. ಮರುವರ್ಷ ಮತ್ತೆ ಮುಂಬಯಿಯ ಮೇಲೆ ಗೆಲುವು.

ನಡುವೆ ಮೆಲ್ಬರ್ನ್. ಹಂಗೆರಿ ಬಾರದ್ದರಿಂದ ಮೊದಲ ಸುತ್ತು ಆಡದೆಯೇ ಕಳೆಯಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯದ ಮೇಲೆ 4–2; ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಏಷ್ಯದ ತಂಡವೊಂದು ಒಲಿಂಪಿಕ್ ಫುಟ್‌ಬಾಲಿನ ಸೆಮಿಫೈನಲ್ ಮುಟ್ಟಿದ್ದು ಅದೇ ಮೊದಲು. ಅಲ್ಲಿ ಯುಗೊಸ್ಲಾವಿಯ 4–1ರಿಂದ ಸೋಲಿಸಿತು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯ 3–0. ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ಬಲರಾಂ ಅಂತರರಾಷ್ಟ್ರೀಯ ಆಟಕ್ಕೆ ಕಾಲಿಟ್ಟದ್ದು ಈ ಮೆಲ್ಬರ್ನಿನಲ್ಲಿ.

ಇಲ್ಲೊಂದು ಗೊಡವೆಯ ವಿಷಯವಿದೆ. ಆಗಿನ ಆಟಗಾರರು ಕಾಗದದಲ್ಲಿ ಹವ್ಯಾಸಿಗಳು. ಆಟಕ್ಕೆಂದು ಸಂಬಳವಿಲ್ಲ. ಪೊಲೀಸ್, ರೈಲ್ವೆ, ಬಂದರು, ಮಿಲ್ಲು, ಎಲ್ಲೋ ಒಂದು ಕಡೆ ನೌಕರಿ ಸಿಕ್ಕಿದರೆ ಹೊಟ್ಟೆ ತುಂಬುತ್ತದೆ. ಆಟ ಆ ನೌಕರಿಯ ಇನ್ನೊಂದು ಹೆಸರು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಆಟಗಾರರಿಗೆ ಇರಲು ಜಾಗ, ಊಟ, ಮೇಲೊಂದಿಷ್ಟು ಕೈಖರ್ಚು ನೋಡಿಕೊಳ್ಳುತ್ತಿದ್ದ ಕಾಲ. ಪೂರ್ಣ ವೃತ್ತಿಪರರೂ ಅಲ್ಲದ, ಹವ್ಯಾಸಿಗಳೂ ಅಲ್ಲದ ಒಂದು ಇಬ್ಬಂದಿ ಬದುಕು ಅದು. ಕಾಲು ಗಟ್ಟಿಯಿರುವವರೆಗೆ ಊರೆಲ್ಲ ಗುರುತಿಸುತ್ತದೆ, ಕಾಲು ಕೈಕೊಟ್ಟ ದಿನ ಕೈಯಲ್ಲಿ ನೌಕರಿಯ ಆದೇಶಪತ್ರ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಮುತ್ತಮ್ಮನ ಗುಮಾಸ್ತಗಿರಿಯ ಆಸೆಯನ್ನು ಕಂಡು ನಗಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

1957ರಲ್ಲಿ ಬಲರಾಂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ದಕ್ಷಿಣದಿಂದ ಅಲ್ಲಿಗೆ ದಾರಿ ಮೊದಲೇ ಬಿದ್ದಿತ್ತು. ಆ ಕ್ಲಬ್ಬಿನ ‘ಪಂಚಪಾಂಡವ’ ಮುಂಚೂಣಿಯಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್ ಇದ್ದರು. ಅಪ್ಪಾರಾವ್, ವೆಂಕಟೇಶ್, ಸಾಲೇ ಜೊತೆಗೂಡಿದರೆ ಐವರು. ಅಹ್ಮದ್ ಖಾನ್ ಕಾಲಿನಲ್ಲಿ ಚೆಂಡು ಹಾವಿನಂತೆ ಆಡುತ್ತಿತ್ತೆಂದು ಬಂಗಾಳಿಗಳು ಅವರನ್ನು ಹಾವಾಡಿಗನೆಂದು ಕರೆದರು. ಹೆಲ್ಸಿಂಕಿಯ 10–1ರಲ್ಲಿ ನಮ್ಮ ಆ ಒಂದು ಗೋಲು ಅವರದೇ. ಬಲರಾಂ ಹೋದಾಗ ಹಾವಾಡಿಗನ ಕೊನೆಯ ವರ್ಷಗಳು ನಡೆಯುತ್ತಿದ್ದವು, 1959ರವರೆಗೆ ಅವರು ಅಲ್ಲೇ ಆಡಿದರು. ಬೆಂಗಳೂರು ದಂಡಿನ ಎಡಗಾಲು ಸಿಕಂದರಾಬಾದ್ ದಂಡಿನ ಎಡಗಾಲಿಗೆ ಜಾಗ ಬಿಟ್ಟುಕೊಟ್ಟಿತು ಎನ್ನಬಹುದು.

ಎಡಗಡೆ ಎಂದೆನಾದರೂ ಬಲರಾಂ ಅಲ್ಲೇ ಕಟ್ಟಿಹಾಕಿದ ಆಟಗಾರರಲ್ಲ. ಮುಂಚೂಣಿಯ ಯಾವ ಜಾಗಕ್ಕೆ ಹಾಕಿದರೂ ಆಡುತ್ತಿದ್ದರು, ಬೇಕಾದಾಗ ಹಿಂದಕ್ಕೆ ಬಂದು ಹಾಫ್‌ಬ್ಯಾಕುಗಳ ಕೆಲಸವನ್ನೂ ಮಾಡುತ್ತಿದ್ದರು. 1961ರಲ್ಲಿ ಈಸ್ಟ್ ಬೆಂಗಾಲಿನ ನಾಯಕತ್ವ ಬಂತು. ಕ್ಲಬ್ಬು ಕಲ್ಕತ್ತಾ ಲೀಗ್ ಗೆಲ್ಲದೆ ಒಂಬತ್ತು ವರ್ಷವಾಗಿತ್ತು. ಆ ವರ್ಷ ಗೆದ್ದಿತು. ನಾಯಕ 23 ಗೋಲು ಹೊಡೆದು ಲೀಗಿನಲ್ಲೇ ಅತಿ ಹೆಚ್ಚು ಗೋಲಿನವರಾದರು. ಒಂದು ಕಡೆ ಚುನೀ ಗೋಸ್ವಾಮಿಯ ಮೋಹನ್ ಬಗಾನ್, ಇನ್ನೊಂದು ಕಡೆ ಬಲರಾಂ ಅವರ ಈಸ್ಟ್ ಬೆಂಗಾಲ್. ರೈಲ್ವೆಯ ಪರ ಆಡುತ್ತಿದ್ದ ಪಿ. ಕೆ. ಬ್ಯಾನರ್ಜಿ ಮೂರನೆಯವರು. ದೇಶದ ಅಂಗಿ ತೊಟ್ಟಾಗ ಮೂವರೂ ಒಂದೇ ಸಾಲಿನಲ್ಲಿ: ಬಲಗಡೆ ಪಿ.ಕೆ., ಒಳಗೆ ಚುನೀ, ಎಡಗಡೆ ಬಲರಾಂ. ಭಾರತದ ಫುಟ್‌ಬಾಲಿನ ತ್ರಿಮೂರ್ತಿಗಳೆಂದು ಇಂದಿಗೂ ಅವರನ್ನೇ ಕರೆಯುವುದು.

ಅಂಕಿಗಿಂತ ಹೆಚ್ಚು ಹೇಳುವುದು 1960ರ ರೋಮ್. ಆಗಸ್ಟ್ 26ರಂದು ಲಾಕ್ವಿಲಾ ಎಂಬ ಊರಿನಲ್ಲಿ ಎದುರಾಳಿ ಹಂಗೆರಿ. ಮುಂದೆ ಯೂರೋಪಿನ ಶ್ರೇಷ್ಠ ಆಟಗಾರನೆನಿಸಿಕೊಂಡ ಫ್ಲೋರಿಯನ್ ಆಲ್ಬರ್ಟ್ ಆ ತಂಡದಲ್ಲಿದ್ದ. ಎರಡು ಗೋಲು ಹಿಂದಿದ್ದ ಭಾರತಕ್ಕೆ ಆಟ ಮುಗಿಯಲು ಹತ್ತು ನಿಮಿಷ ಉಳಿದಿರುವಾಗ ಬಲರಾಂ ಒಂದು ಗೋಲು ತಂದರು. 2–1. ಸೋಲು, ಆದರೆ ಕೊನೆಗೆ ಕಂಚು ಗೆದ್ದ ತಂಡಕ್ಕೆ ಕೂದಲೆಳೆಯಲ್ಲಿ ಸೋತದ್ದು. ಮೂರು ದಿನಕ್ಕೆ ಫ್ರಾನ್ಸ್. ಪಿ.ಕೆ. ಗೋಲಿನಿಂದ ಮುಂದಿದ್ದ ಭಾರತ ಕೊನೆಯ ಹೊತ್ತಿಗೆ ಒಂದು ಗೋಲು ಬಿಟ್ಟುಕೊಟ್ಟು 1–1ಕ್ಕೆ ಸಮಾಧಾನಪಟ್ಟಿತು. 1948ರ ಲಂಡನ್ನಿನಲ್ಲಿ ಇದೇ ಫ್ರಾನ್ಸಿನ ಮೇಲೆ ಬೆಂಗಳೂರಿನ ಸಾರಂಗಪಾಣಿ ರಾಮನ್ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದಿದ್ದರು. ಆಗ ಎರಡು ಪೆನಾಲ್ಟಿ ಹಾಳುಮಾಡಿಕೊಂಡು 2–1ರಿಂದ ಸೋತಿದ್ದೆವು. ಆ ಹಳೆ ಬಾಕಿ ತೀರಿಸಿಕೊಳ್ಳುವ ಅವಕಾಶ ಹೀಗೆ ಕೈಜಾರಿತು. ಸೆಪ್ಟೆಂಬರ್ 1ರಂದು ಪೆರುವಿಗೆ 3–1ರಿಂದ ಸೋತಾಗಲೂ ನಮ್ಮ ಒಂದು ಗೋಲು ಬಲರಾಂ ಅವರದು. ಭಾರತದ ಪುರುಷರ ತಂಡ ಒಲಿಂಪಿಕ್ಸಿನಲ್ಲಿ ಆಡಿದ ಕೊನೆಯ ಪಂದ್ಯ ಅದು. ಆ ಮೇಲೆ ಇಂದಿನವರೆಗೆ ನಾವು ಅಲ್ಲಿಗೆ ಹೋಗಿಲ್ಲ. ಹಾಗಾಗಿ ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಬೆಂಗಳೂರಿನ ಕಾಲಿನದು, ಕೊನೆಯ ಗೋಲು ಸಿಕಂದರಾಬಾದಿನ ಕಾಲಿನದು.

1962ರ ಜಕಾರ್ತದ ಕತೆಯನ್ನು ಈಗ ಸಿನಿಮಾ ನೋಡಿದವರೂ ಬಲ್ಲರು. ಇಸ್ರೇಲ್ ಮತ್ತು ತೈವಾನಿಗೆ ಇಂಡೊನೇಷ್ಯ ಪ್ರವೇಶ ಕೊಡಲಿಲ್ಲ. ಹಾಗಿರುವಾಗ ಇದನ್ನು ಏಷ್ಯನ್ ಗೇಮ್ಸ್ ಎನ್ನಬಹುದೇ ಎಂದು ಭಾರತದ ಜಿ. ಡಿ. ಸೋಂಧಿ ಕೇಳಿಬಿಟ್ಟರು. ಊರು ಕೆರಳಿತು. ಭಾರತದ ರಾಯಭಾರ ಕಚೇರಿಗೆ ಜನ ನುಗ್ಗಿದರು, ನಮ್ಮ ಆಟಗಾರರು ಬಸ್ಸಿನ ಮೇಲಿನ ತ್ರಿವರ್ಣ ತೆಗೆದು ಮೈದಾನಕ್ಕೆ ಹೋಗಬೇಕಾಯಿತು. ತಂಡ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 2–0ರಿಂದ ಸೋತಿತ್ತು. ಥಾಯ್ಲೆಂಡ್ ಮೇಲೆ 4–1, ಜಪಾನ್ ಮೇಲೆ 2–0 ಗೆದ್ದು ಚೇತರಿಸಿಕೊಂಡಿತು. ಜಪಾನಿನ ಮೇಲಿನ ಗೋಲುಗಳು ಪಿ.ಕೆ. ಮತ್ತು ಬಲರಾಂ ಹಂಚಿಕೊಂಡದ್ದು. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೆ 3–2. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೇಲ್ ಸಿಂಗರನ್ನು ರಹೀಂ ಸಾಬ್ ಬೆಂಚಿನಲ್ಲಿ ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಮಾಡಿ ಕಣಕ್ಕಿಳಿಸಿದರು.

ಫೈನಲ್ ಸೆಪ್ಟೆಂಬರ್ 4ರಂದು. ಲಕ್ಷದಷ್ಟು ಜನ ಸೇರಿದ್ದ ಸೆನಯಾನ್ ಕ್ರೀಡಾಂಗಣದಲ್ಲಿ ನಮ್ಮ ಪರವಾಗಿ ಕೂಗಿದವರು ಬೆರಳೆಣಿಕೆಯಷ್ಟು; ಪಾಕಿಸ್ತಾನದ ಹಾಕಿ ಆಟಗಾರರು ಆ ಸಾಲಿನಲ್ಲಿದ್ದರೆಂದು ಅಲ್ಲಿದ್ದವರು ನೆನೆಯುತ್ತಾರೆ. ಮತ್ತೆ ಅದೇ ಕೊರಿಯ. ಹದಿನೇಳನೆಯ ನಿಮಿಷದಲ್ಲಿ ಪಿ.ಕೆ., ಇಪ್ಪತ್ತನೆಯದರಲ್ಲಿ ಜರ್ನೇಲ್. ಕೊನೆಗೆ 2–1. ಎಡಗೆರೆಯ ಬಳಿ ಬಲರಾಂ ಅಂದು ಗೋಲು ಹೊಡೆಯಲಿಲ್ಲ. ಒಬ್ಬ ವಿಂಗರನ ಒಳ್ಳೆಯ ದಿನ ಅಂಕಪಟ್ಟಿಯಲ್ಲಿ ಸಿಗುವುದೂ ಇಲ್ಲ. ಎದುರಾಳಿಯ ಬಲಗಡೆಯ ಡಿಫೆಂಡರು ಮುಂದೆ ಬರಲು ಹೆದರಿ ತನ್ನ ಜಾಗದಲ್ಲೇ ನಿಂತನೆಂದರೆ ಅದು ಅವನ ಸಂಪಾದನೆ. ಆ ವರ್ಷದ ಅರ್ಜುನ ಪ್ರಶಸ್ತಿ ಬಲರಾಂ ಅವರಿಗೆ ಬಂತು.

ಸಂಭ್ರಮಕ್ಕೆ ಹೆಚ್ಚು ದಿನ ಸಿಗಲಿಲ್ಲ. ಅಕ್ಟೋಬರಿನಲ್ಲಿ ಚೀನಾ ಯುದ್ಧ. ರಹೀಂ ಸಾಬ್ ಜಕಾರ್ತಕ್ಕೆ ಹೋದಾಗಲೇ ಕ್ಯಾನ್ಸರ್ ಅವರನ್ನು ಹಿಡಿದಿತ್ತು. 1963ರ ಜೂನ್ 11ರಂದು, ಐವತ್ತನಾಲ್ಕು ತುಂಬುವ ಮೊದಲೇ, ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರು. ಅದೇ ವರ್ಷ ಶಿಷ್ಯನ ಎದೆಯೂ ಕೈಕೊಟ್ಟಿತು. ಈಸ್ಟ್ ಬೆಂಗಾಲ್ ಬಿಟ್ಟು ರೈಲ್ವೆಯ ಬಿ.ಎನ್.ಆರ್. ತಂಡ ಸೇರಿದ್ದ ಬಲರಾಂ ಅವರಿಗೆ ಪ್ಲೂರಸಿ, ಅಂದರೆ ಶ್ವಾಸಕೋಶದ ಸುತ್ತಲಿನ ಪೊರೆಯ ಉರಿಯೂತ, ಕಾಣಿಸಿಕೊಂಡಿತು. ಕೆಲವು ಬರಹಗಳು ಇದನ್ನು ಕ್ಷಯವೆಂದೇ ಹೇಳುತ್ತವೆ. ಆ ಕಾಲಕ್ಕೆ ನಮ್ಮಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತಿದ್ದವು. ಹೆಸರು ಯಾವುದಾದರೇನು, ತೊಂಬತ್ತು ನಿಮಿಷ ಅಂಚಿನುದ್ದ ಏರಿಳಿಯುವವನಿಗೆ ಬೇಕಾದ ಮೊದಲ ಬಂಡವಾಳ ಉಸಿರು. ಇಪ್ಪತ್ತೇಳರ ಹೊಸ್ತಿಲಲ್ಲಿ ಬೂಟು ಬಿಚ್ಚಿಟ್ಟರು. 1955ರಿಂದ ಲೆಕ್ಕ ಹಾಕಿದರೆ ಎಂಟು ವರ್ಷ. ರೈಲ್ವೆಯ ನೌಕರಿ ಮಾತ್ರ ಕೈಯಲ್ಲಿ ಉಳಿದಿತ್ತು.

ಗುರು ಹೋದ ಮೇಲೆ ಹೈದರಾಬಾದಿನ ಫುಟ್‌ಬಾಲ್ ಒಮ್ಮೆಲೆ ಕುಸಿಯಲಿಲ್ಲ. 1965–66ರಲ್ಲಿ ಆಂಧ್ರಪ್ರದೇಶ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಇಳಿಜಾರು. ರಹೀಂ ಸಾಬರಂಥ ಮೇಷ್ಟ್ರು ಮತ್ತೆ ಹುಟ್ಟಲಿಲ್ಲ ಎನ್ನುವುದು ಒಂದು ವಿವರಣೆ. ಒಳ್ಳೆಯ ಆಟಗಾರರೆಲ್ಲ ರೈಲು ಹತ್ತಿ ಕಲ್ಕತ್ತೆಗೆ ಹೋದರು, ಊರಿನಲ್ಲಿ ಕಲಿಸಲು ಯಾರೂ ಉಳಿಯಲಿಲ್ಲ ಎನ್ನುವುದು ಇನ್ನೊಂದು. ಬಲರಾಂ ಅವರ ಬಾಳನ್ನು ನೋಡಿದರೆ ಎರಡೂ ಒಂದೇ ಕಾರಣದ ಎರಡು ತುದಿಗಳಂತೆ ತೋರುತ್ತವೆ. ಮೇಷ್ಟ್ರು ಮಾಡಿದ್ದ ಆಟಗಾರರನ್ನು ಊಟ ಹಾಕಿ ಉಳಿಸಿಕೊಳ್ಳುವ ಶಕ್ತಿ ಹೈದರಾಬಾದಿಗೆ ಪೊಲೀಸ್ ಇಲಾಖೆಯ ಹೊರಗೆ ಇರಲಿಲ್ಲ. ಬೆಂಗಳೂರಿನ ಮಟ್ಟಿಗೂ ಇದು ಸುಳ್ಳಲ್ಲ; 1967–68, 1968–69ರಲ್ಲಿ ಸತತ ಎರಡು ಸಲ ಸಂತೋಷ್ ಟ್ರೋಫಿ ತಂದ ಮೈಸೂರು ಆ ನಂತರ ಎಷ್ಟು ದಶಕ ಕಾದಿತೆಂಬುದನ್ನು ನಮ್ಮ ಹಿರಿಯ ಪ್ರೇಕ್ಷಕರು ಬಲ್ಲರು.

ಬಲರಾಂ ಹೈದರಾಬಾದಿಗೆ ಮರಳಲಿಲ್ಲ. ಹೂಗ್ಲಿಯ ದಡದ ಉತ್ತರಪಾಡಾದಲ್ಲಿ ಒಂಟಿಯಾಗಿ ಬದುಕಿದರು, ಮದುವೆಯಾಗಲಿಲ್ಲ. ಹುಡುಗರಿಗೆ ಆಟ ಕಲಿಸಿದರು, ಆಯ್ಕೆದಾರರಾದರು. ತ್ರಿಮೂರ್ತಿಗಳಲ್ಲಿ ಚುನೀ ಅವರಿಗೆ 1983ರಲ್ಲಿ, ಪಿ.ಕೆ. ಅವರಿಗೆ 1990ರಲ್ಲಿ ಪದ್ಮಶ್ರೀ ಬಂತು. ಬಲರಾಂ ಅವರಿಗೆ ಬರಲಿಲ್ಲ, ಆ ನೋವನ್ನು ಅವರು ಮುಚ್ಚಿಡಲೂ ಇಲ್ಲ. ತಾವು ನಾಯಕರಾಗಿದ್ದ ಕ್ಲಬ್ಬಿನೊಡನೆಯೂ ಮುನಿಸು ಬೆಳೆದು ದೂರವಾದರು. 2020ರ ಮಾರ್ಚ್ 20ರಂದು ಪಿ.ಕೆ. ಹೋದರು, ಏಪ್ರಿಲ್ 30ರಂದು ಚುನೀ. ಮೂವರಲ್ಲಿ ಒಬ್ಬರೇ ಉಳಿದು ಇನ್ನೂ ಮೂರು ವರ್ಷದ ಹತ್ತಿರ ಇದ್ದ ಬಲರಾಂ 2023ರ ಫೆಬ್ರವರಿ 16ರಂದು, ಎಂಬತ್ತಾರರ ವಯಸ್ಸಿನಲ್ಲಿ, ಕೋಲ್ಕತ್ತದಲ್ಲಿ ಕಣ್ಣುಮುಚ್ಚಿದರು.

ರಹೀಂ ಸಾಬರ ಬದುಕನ್ನು ಹೇಳುವ ‘ಮೈದಾನ್’ ಚಿತ್ರ 2024ರ ಏಪ್ರಿಲ್‌ನಲ್ಲಿ ತೆರೆಗೆ ಬಂತು. ಅಜಯ್ ದೇವಗನ್ ಮೇಷ್ಟ್ರಾಗಿದ್ದಾರೆ. ಹೈದರಾಬಾದಿನ ಟಾಕೀಸುಗಳಲ್ಲಿ ಜಕಾರ್ತದ ಫೈನಲ್ ಮತ್ತೆ ನಡೆದಾಗ, ಎಡಗೆರೆಯ ಪಕ್ಕ ಬಲರಾಂ ಹೆಸರಿನ ಒಬ್ಬ ಹುಡುಗ ಏದುಸಿರಿಲ್ಲದೆ ಓಡುತ್ತಿದ್ದ.